ನಾಲ್ಕು ಕಂಬಕ್ಕೆ ನಾಲ್ಕು ಚೀಟಿ

ಲಕ್ಷ್ಮೇಶ್ವರದ ಹಿಟ್ಟಿನ ಗಿರಣಿ ಹುಚ್ಚೀರಪ್ಪ ಇಪ್ಪತ್ತೆರಡು ವರ್ಷಗಳಿಂದ ಫುಟ್‌ಬಾಲ್ ಬಗ್ಗೆ ಮಾತಾಡುತ್ತ ಬಂದವನು. ಆಟ ಅವನಿಗೆ ಗೊತ್ತಿತ್ತು ಎಂದು ಇದರ ಅರ್ಥವಲ್ಲ. ಗಿರಣಿಯ ಸದ್ದಿನಲ್ಲಿ ಬದುಕಿದವನ ದನಿ ಎತ್ತರ. ಅಷ್ಟು ಎತ್ತರದ ದನಿಯಲ್ಲಿ ಹೇಳಿದ್ದು ಖರೆ ಇರಬೇಕೆಂದು ಚಾದಂಗಡಿಯ ಮಂದಿ ನಂಬಿದರು. ಮಂದಿ ನಂಬಿದ್ದನ್ನು ನೋಡಿ ಅವನೂ ನಂಬಿದ. ಆಟದ ನಡುವೆ ಆಫ್‌ಸೈಡ್ ಎಂದು ಬಾವುಟ ಎದ್ದಾಗಲೆಲ್ಲ ಎಲ್ಲರಿಗಿಂತ ಮೊದಲು ತಲೆ ಅಲ್ಲಾಡಿಸುವವನು ಅವನೇ. ಯಾವ ಕಡೆಗೆ ಅಲ್ಲಾಡಿಸಬೇಕು ಎಂಬುದನ್ನು ಮಾತ್ರ ಪಕ್ಕದವರ ಮುಖ ನೋಡಿ ತೀರ್ಮಾನಿಸುತ್ತಿದ್ದ.

ಊರಿನ ಹಳೆಯ ಹೆಸರು ಹೊತ್ತ ನಮ್ಮ ಪುಲಿಗೆರೆ ಸ್ಪೋರ್ಟಿಂಗ್ ಕ್ಲಬ್ ಆ ವರ್ಷ ಸತತವಾಗಿ ಒಂಬತ್ತು ಪಂದ್ಯ ಸೋತು, ಎಂಟು ತಂಡಗಳ ಲೀಗಿನಲ್ಲಿ ಎಂಟನೆಯ ಸ್ಥಾನದಲ್ಲಿ ಭದ್ರವಾಗಿ ಕುಳಿತಿತ್ತು. ಉಳಿದದ್ದು ಮೂರು ಪಂದ್ಯ. ಎಂಟನೆಯವರಾಗಿಯೇ ಉಳಿದರೆ ಎರಡನೇ ದರ್ಜೆಗೆ ಇಳಿಯಬೇಕು. ಎರಡನೇ ದರ್ಜೆಯ ಪಂದ್ಯಗಳು ಬೆಳಿಗ್ಗೆ ಆರೂವರೆಗೆ ನಡೆಯುತ್ತವೆ. ವಾಕಿಂಗಿಗೆ ಬಂದವರು ಮೈದಾನದ ನಡುವೆಯೇ ಹಾದುಹೋಗುತ್ತಾರೆ.

ಹದಿಮೂರನೇ ತಾರೀಖು, ಸೋಮವಾರ ಸಂಜೆ, ಚಾದಂಗಡಿಯಲ್ಲಿ ಇದೇ ಚರ್ಚೆ. ಕ್ಲಬ್ಬಿನ ಕಾರ್ಯದರ್ಶಿ ಸೋಮೇಶ ಬೀಜ-ಗೊಬ್ಬರದ ಅಂಗಡಿಯವನು. ಗಾಬರಿ ಅವನ ಹುಟ್ಟುಗುಣ. ಅವನ ಪಕ್ಕ ಮೊಬೈಲ್ ರಿಪೇರಿಯ ಮೊಹಸಿನ. ಕ್ಲಬ್ಬಿನ ಪಂದ್ಯ ಒಂದನ್ನೂ ತಪ್ಪಿಸಿದವನಲ್ಲ.

"ಕಾಕಾ, ನೀವ ಹೇಳ್ರಿ. ನಮ್ಮವರೊಳಗ ಯಾರ ಮ್ಯಾಲ ನಂಬಿಗಿ ಇಡೂದು?" ಎಂದ ಸೋಮೇಶ.

ಹುಚ್ಚೀರಪ್ಪ ಬಸಿಯಲ್ಲಿದ್ದ ಚಹಾ ಮುಗಿಸಿ, ಮೀಸೆ ಒರೆಸಿಕೊಂಡ. "ಎಡಗಡೆ ಆಡೂ ಮಲ್ಲು ಗೋವಿನಜ್ವಾಳ ಇದ್ದಂಗ. ಸಪ್ಪಳ ಬಾಳ, ಹಿಟ್ಟು ಕಡಿಮಿ. ಮುಂದ ಆಡೂ ಯಲ್ಲೇಶ ಹಸಿ ಜ್ವಾಳ. ಕಲ್ಲಿಗೆ ಹತ್ತಿಕೊಂಡು ಕುಂತಬಿಡ್ತಾನ. ಖರೆ ಮಾಲು ಅಂದ್ರ ನಮ್ಮ ಕೀಪರ್ ಜಾವೀದ. ಬನ್ಸಿ ಗೋದಿ ಅಂವ."

ಯಾರಿಗೂ ಏನೂ ತಿಳಿಯಲಿಲ್ಲ. ಎಲ್ಲರೂ ಹೌದೆಂದರು.

ಮನೆಗೆ ಹೋಗುವಾಗ ದಾರಿಯಲ್ಲಿ ಗಾದಿ ಹೊಲಿಯುವ ನಬಿಸಾಬ ಅವನನ್ನು ಅಂಗಡಿಯೊಳಗೆ ಕರೆದು ಹೊಸ ಗಾದಿಯ ಮೇಲೆ ಕೂಡಿಸಿದ. ಜಾವೀದನ ತಂದೆ ನಬಿಸಾಬ. ಹುಚ್ಚೀರಪ್ಪನ ಜೊತೆ ಒಂದನೇ ಇಯತ್ತೆಯಿಂದ ಏಳನೆಯವರೆಗೆ ಒಂದೇ ಮಣೆಯ ಮೇಲೆ ಕುಳಿತವನು.

"ಜಾವೀದನ ನಿಕಾಹ ಇಪ್ಪತ್ತಾರಕ್ಕ, ರವಿವಾರ. ಹುಡುಗಿ ನೂರೀನ ಅಂತ, ಮುಂಡರಗಿಯಾಕಿ. ಮಧ್ಯಾಹ್ನ ಊಟ, ನಾಕಕ್ಕ ನಿಮ್ಮ ಕಡೇ ಮ್ಯಾಚ್. ಊಟ ಮಾಡಿ ಎಲ್ಲಾರೂ ಕೂಡೇ ಗ್ರೌಂಡಿಗೆ ಹೋಗ್ರಿ. ಕ್ಲಬ್ಬಿನವರು ನಲವತ್ತು ಮಂದಿ ಅದಾರ. ಊರಿಗೆಲ್ಲಾ ಕಾರ್ಡ್ ಕೊಟ್ಟೇನಿ. ಅವರಿಗೆ ಕಾರ್ಡ್ ಕೊಟ್ರ ಪರಕೀಯರಂಗ ಆಗತೈತಿ. ಬಾಯಿಲೆ ಹೇಳಬೇಕು. ನನ್ನ ಮೊಣಕಾಲು ನೋಡೀಯಲ್ಲ."

"ನಾ ಹೇಳ್ತೀನಿ ಬಿಡು," ಎಂದ ಹುಚ್ಚೀರಪ್ಪ. "ನಾ ಒಂದು ಮಾತು ಅಂದ್ರ ಮುಗೀತು. ನಲವತ್ತು ಅಂದ್ಯಲ್ಲ, ಐವತ್ತು ಮಂದಿ ಬರ್ತಾರ."

"ಕಾಯಿಪಲ್ಯ ಉಣ್ಣವರಿಗೆ ಬ್ಯಾರೆ ಅಡಗಿ ಐತಿ. ಯಳವತ್ತಿ ಆಚಾರಿಗೆ ಹೇಳೇನಿ, ಹೋಳಿಗಿ ಮಾಡಸ್ತೀನಿ. ಲೇ, ಮರೀಬ್ಯಾಡ. ಅವರು ಬರಲಿಲ್ಲಂದ್ರ ಹುಡುಗ ಮುಖ ಸಣ್ಣ ಮಾಡ್ಕೊತಾನ."

ಹುಚ್ಚೀರಪ್ಪ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ. ಅದೇ ರಾತ್ರಿ ಅವನಿಗೆ ದವಡೆಹಲ್ಲಿನ ನೋವು ಎದ್ದಿತು.

ಮರುದಿನ ಗದಗಿನ ಡಾಕ್ಟರರು ಹಲ್ಲು ಕಿತ್ತು, ಎರಡು ಹೊಲಿಗೆ ಹಾಕಿ, ಬಾಯಿಯಲ್ಲಿ ಅರಳೆ ತುಂಬಿ, ಮೂರು ದಿನ ಮಾತಾಡಬೇಡಿ ಎಂದರು. ಬಸ್ಸಿಳಿದವನು ಕೊಟ್ಟ ಮಾತು ನೆನಪಾಗಿ ನೆಟ್ಟಗೆ ಚಾದಂಗಡಿಗೆ ಬಂದ. ಬಂದ ಮೇಲೆ ಬಾಯಿ ತೆರೆಯಲಾಗದು ಎಂಬುದು ನೆನಪಾಯಿತು.

"ಬರ್ರಿ ಕಾಕಾ. ನಾಳೆ ಮುಂಡರಗಿ ಮ್ಯಾಲ ಮ್ಯಾಚ್ ಐತಿ. ಏನಾಗತೈತಿ ಹೇಳ್ರಿ," ಎಂದ ಸೋಮೇಶ.

ಹುಚ್ಚೀರಪ್ಪ ಮಾತಾಡಲಾಗದು ಎನ್ನಲು ಬಲಗೈ ಎತ್ತಿ ಅಂಗೈ ತೋರಿಸಿದ. ಅಂಗೈಯ ಎದುರಿಗೆ ಯಲ್ಲೇಶ ನಿಂತಿದ್ದ. ಒಂಬತ್ತು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯದ ಹುಡುಗ ಅದನ್ನು ಆಶೀರ್ವಾದ ಎಂದುಕೊಂಡು ಕಾಲು ಮುಟ್ಟಿದ. ಮರುದಿನ ಮುಂಡರಗಿಯಲ್ಲಿ ಚೆಂಡು ಯಲ್ಲೇಶನ ಬೆನ್ನಿಗೆ ಬಡಿದು ಒಳಗೆ ಹೋಯಿತು. ಜಾವೀದ ಏಳು ಚೆಂಡು ಹಿಡಿದ. ಪುಲಿಗೆರೆ ಒಂದು, ಮುಂಡರಗಿ ಸೊನ್ನೆ.

ಇಲ್ಲಿಂದ ಮುಂದಿನದು ಊರಿನ ತರ್ಕ. ನಮ್ಮ ಕಡೆಯ ಮಠಗಳಲ್ಲಿ ಸ್ವಾಮಿಗಳು ಮೌನಾನುಷ್ಠಾನಕ್ಕೆ ಕೂಡುವುದುಂಟು. ಅವರು ಮಾತು ಬಿಟ್ಟಷ್ಟೂ ಭಕ್ತರ ಕೆಲಸಗಳು ಕೈಗೂಡುತ್ತವೆ. ಗಿರಣಿ ಹುಚ್ಚೀರಪ್ಪ ಬಾಯಿ ಮುಚ್ಚಿದ್ದನ್ನು ಊರು ಎಂದೂ ಕಂಡಿರಲಿಲ್ಲ. ಅವನು ಬಾಯಿ ಮುಚ್ಚಿದ ಮರುದಿನವೇ ಕ್ಲಬ್ಬು ಗೆದ್ದಿತ್ತು. ಎರಡನ್ನೂ ಜೋಡಿಸಲು ಸೋಮೇಶನಿಗೆ ಒಂದು ಕಪ್ ಚಹಾ ಮುಗಿಯುವಷ್ಟು ಹೊತ್ತು ಸಾಕಾಯಿತು.

ಶುಕ್ರವಾರ ಅರಳೆ ತೆಗೆದು, ಬಾಯಿ ಮುಕ್ಕಳಿಸಿ, ಹುಚ್ಚೀರಪ್ಪ ಉತ್ಸಾಹದಿಂದ ಚಾದಂಗಡಿಯ ಮೆಟ್ಟಿಲು ಹತ್ತಿದ. "ಸೋ" ಎನ್ನುವಷ್ಟರಲ್ಲಿ ಸೋಮೇಶನ ಅಂಗೈ ಅವನ ಬಾಯಿಯ ಮೇಲಿತ್ತು.

"ಬ್ಯಾಡ್ರಿ ಕಾಕಾ. ಕೈ ಮುಗೀತೇನಿ. ಇನ್ನೆರಡು ಮ್ಯಾಚ್ ಅದಾವ. ನೀವು ಮಾಡಾಕತ್ತಿದ್ದು ನಮಗೆಲ್ಲಾ ಗೊತ್ತಾಗೇತಿ."

"ಹೇಳದ ಮಾಡ್ತಿದ್ರಿ ನೋಡ್ರಿ, ಅದು ದೊಡ್ಡದು," ಎಂದ ಮೊಹಸಿನ, ಕಣ್ಣು ಒದ್ದೆ ಮಾಡಿಕೊಂಡು.

ತಾನು ಏನು ಮಾಡುತ್ತಿದ್ದೇನೆಂದು ಹುಚ್ಚೀರಪ್ಪನಿಗೆ ಗೊತ್ತಿರಲಿಲ್ಲ. ಆದರೆ ದೊಡ್ಡದು ಎಂದ ಮೇಲೆ ಅಲ್ಲಗಳೆಯುವುದು ಸಭ್ಯತೆಯಲ್ಲ ಎನಿಸಿತು. ಅವನು ಕುಳಿತ. ಯಾರೋ ಕುರ್ಚಿಗೆ ಟಾವೆಲ್ ಹಾಸಿದ್ದರು.

ಮಾತು ಕೊಟ್ಟದ್ದು ಮಾತ್ರ ಹಾಗೆಯೇ ಉಳಿದಿತ್ತು. ಕೊನೆಗೆ ಉಪಾಯ ಹೊಳೆಯಿತು. ಬೀಸಲು ಬಂದ ಡಬ್ಬಿಗಳಿಗೆ ಹೆಸರು ಬರೆದು ಹಾಕುವ ಚೀಟಿಪುಸ್ತಕ ಕಿಸೆಯಲ್ಲಿತ್ತು. ಒಂದು ಹಾಳೆಯಲ್ಲಿ ಮದುವೆಯ ಕರೆಯನ್ನು ವಿವರವಾಗಿ ಬರೆದು, ಮಡಚಿ, ಸೋಮೇಶನ ಕೈಗಿಟ್ಟ. ಸೋಮೇಶ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಬಿಚ್ಚಲು ಹೋದ.

"ಏ, ಓದಬ್ಯಾಡ," ಮೊಹಸಿನ ಅವನ ಕೈ ಹಿಡಿದ. "ನಮ್ಮಜ್ಜಿ ಗೌಸಬಿ ಕಟ್ಟಿದ ತಾಯತ ನಾ ಇನ್ನೂ ಬಿಚ್ಚಿಲ್ಲ. ಬಿಚ್ಚಿ ಓದಿದ್ರ ಅದರೊಳಗಿನ ಕಸುವು ಹೊರಗ ಹೋತು ಅಂತ ತಿಳಕೊ."

ಸಂಜೆಯೊಳಗೆ ಆ ಚೀಟಿ ಹಸಿರು ಬಟ್ಟೆಯಲ್ಲಿ ಸುತ್ತಿ, ಕೆಂಪು ದಾರದಲ್ಲಿ ಬಿಗಿದು, ನಮ್ಮೂರ ಮೈದಾನದ ಗೋಲಿನ ಎಡಗಂಬಕ್ಕೆ ಏರಿತ್ತು. ಇದಾವುದೂ ಹುಚ್ಚೀರಪ್ಪನಿಗೆ ತಿಳಿಯದು. ಕರೆ ಮುಟ್ಟಿತು ಎಂದುಕೊಂಡು ಅವನು ಮನೆಗೆ ಹೋಗಿ ಗಂಜಿ ಕುಡಿದ.

ಮರುದಿನ ಸೋಮೇಶ ಗಿರಣಿಗೆ ಬಂದು, "ಇನ್ನೊಂದು ಬರದ ಕೊಡ್ರಿ ಕಾಕಾ, ಬಲಗಂಬಕ್ಕ ಬೇಕು," ಎಂದ. ಹುಚ್ಚೀರಪ್ಪ ಗಿರಣಿಯ ಸದ್ದಿನಲ್ಲಿ ಅರ್ಧ ಕೇಳಿದ. ಮತ್ತೆ ಯಾರಿಗೋ ಕರೆ ಬೇಕಾಗಿದೆ ಎಂದು ಇನ್ನೊಂದು ಬರೆದ. ಹದಿನೆಂಟಕ್ಕೆ ಎರಡೂ ಕಂಬ ಸಜ್ಜಾದವು. ಹತ್ತೊಂಬತ್ತಕ್ಕೆ ಶಿರಹಟ್ಟಿಯವರು ಬಂದು ಎರಡು ಗೋಲು ತಿಂದು ಹೋದರು. ಪುಲಿಗೆರೆ ಏಳನೆಯ ಸ್ಥಾನಕ್ಕೆ ಏರಿತು. ಕಡೆಯ ಪಂದ್ಯ ಬೆಟಗೇರಿಯ ಮೇಲೆ. ಡ್ರಾ ಆದರೂ ಮೊದಲ ದರ್ಜೆ ಉಳಿಯುತ್ತದೆ.

ಈಗ ಹುಚ್ಚೀರಪ್ಪನೂ ಲೆಕ್ಕ ಹಾಕಿದ. ಮಾತಾಡುತ್ತಿದ್ದಾಗ ಒಂಬತ್ತು ಸೋಲು. ಮಾತು ಬಿಟ್ಟಾಗ ಎರಡು ಗೆಲುವು. ಹೇಗೆ ತೂಗಿದರೂ ತಕ್ಕಡಿ ಒಂದೇ ಕಡೆ ವಾಲುತ್ತಿತ್ತು. ಇಪ್ಪತ್ತೆರಡು ವರ್ಷ ಕ್ಲಬ್ಬನ್ನು ಸೋಲಿಸುತ್ತ ಬಂದವನು ತಾನೇ ಇರಬಹುದೇ ಎಂಬ ಅನುಮಾನ ಬಂದು, ಅವನು ಮನೆಯಲ್ಲೂ ಬಾಯಿ ಮುಚ್ಚಿದ.

"ಹಲ್ಲು ಒಂದ ಕಿತ್ತಾರೋ, ನಾಲಗಿನೂ ಕಿತ್ತಾರೋ?" ಎಂದು ಹೆಂಡತಿ ಸುಮಿತ್ರವ್ವ ಎರಡು ದಿನ ಕೇಳಿದಳು. ಮೂರನೆಯ ದಿನದಿಂದ ಕೇಳುವುದನ್ನು ಬಿಟ್ಟಳು. ಓಣಿಯವರು ತೆಂಗಿನಕಾಯಿ ತಂದಿಟ್ಟು ನಮಸ್ಕರಿಸಿ ಹೋಗತೊಡಗಿದ್ದರು. ಒಂಬತ್ತು ಕಾಯಿ ಬಂದ ಮೇಲೆ ಆಕೆ ಅನುಷ್ಠಾನವನ್ನು ಒಪ್ಪಿಕೊಂಡಳು.

ಆದರೆ ಚಾದಂಗಡಿಯಲ್ಲಿ ಹೊಸ ಮಾತು ಹುಟ್ಟಿತು. ಬುಧವಾರ ಸೋಮೇಶ ಚಹಾದ ಗ್ಲಾಸು ಕುಕ್ಕಿ ಹೇಳಿದ, "ಜಾವೀದನ ಲಗ್ನ ಅಂತ. ಊರಿಗೆಲ್ಲಾ ಕಾರ್ಡ್ ಹೋಗ್ಯಾವ. ನಮಗ ಕಾರ್ಡೂ ಇಲ್ಲ, ಬಾಯಿಮಾತೂ ಇಲ್ಲ."

"ನಿನ್ನೆ ಪ್ರಾಕ್ಟೀಸಿಗೆ ಬಂದಿದ್ನಲ್ಲ, ಕೇಳಬೇಕಿಲ್ಲ?" ಎಂದ ಯಲ್ಲೇಶ.

"ನನ್ನ ನಿನ್ನ ಲಗ್ನಕ್ಕ ಕರಿಯಪಾ ಅಂತ ಮದಿಮಗನ್ನ ಕೇಳಾಕ ಬರತೈತೇನೋ? ಅಂವರ ತಾನಾಗೇ ಹ್ಯಾಂಗ ಕರೀತಾನ? ಮನಿ ಹಿರ್ಯಾರು ಹೇಳಬೇಕು. ಹೇಳದ ಮದಿವಿಗೆ ನಾವು ಹ್ಯಾಂಗ ಹೋಗೂದು?"

ಹುಚ್ಚೀರಪ್ಪನಿಗೆ ತಲೆ ತಿರುಗಿತು. ಒಂದಲ್ಲ, ಎರಡು ಸಲ ಬರೆದುಕೊಟ್ಟಿದ್ದೇನೆ. ಕಣ್ಣಿಗೊತ್ತಿಕೊಂಡು ತೆಗೆದುಕೊಂಡಿದ್ದಾರೆ. ಈಗ ಕರೆದಿಲ್ಲ ಎನ್ನುತ್ತಾರೆ. ಅವನು ಎದ್ದು ನಿಂತು, "ಊಂ, ಊಂ" ಎಂದು ಎರಡೂ ಕೈ ಬೀಸಿದ.

"ಸಿಟ್ಟಿಗೇಳಬ್ಯಾಡ್ರಿ ಕಾಕಾ, ಅನುಷ್ಠಾನ ಕೆಡತೈತಿ," ಎಂದು ಮೊಹಸಿನ ಭುಜ ಒತ್ತಿ ಕೂಡಿಸಿದ. "ಹಳೇ ಗೆಳ್ಯಾ ನಮಗ ಹಿಂಗ ಮಾಡಿದ್ನಲ್ಲಾ ಅಂತ ನಿಮಗೂ ಕೆಟ್ಟ ಅನಸೇತಿ. ನಮಗ ತಿಳೀತೈತಿ."

ಹುಚ್ಚೀರಪ್ಪ ಚೀಟಿಪುಸ್ತಕ ತೆಗೆದು ಮೂರನೆಯದನ್ನು ಬರೆದ. ಕೊಟ್ಟ ಕೂಡಲೇ ಇನ್ನೊಂದು ಹಾಳೆ ಹರಿದು ನಾಲ್ಕನೆಯದನ್ನೂ ಬರೆದ. ಚಾದಂಗಡಿಯಲ್ಲಿ ಸಂತೋಷದ ಗುಜುಗುಜು ಎದ್ದಿತು. ಅರ್ಧ ಆಟ ಮುಗಿದ ಮೇಲೆ ಗೋಲು ಅದಲುಬದಲಾಗುತ್ತದೆ, ಆಚೆಯ ಎರಡು ಕಂಬಗಳು ಬರಿದಾಗಿವೆ ಎಂದು ಅವರು ಎರಡು ದಿನದಿಂದ ಚಿಂತಿಸುತ್ತಿದ್ದರು.

"ಕೇಳೋಕಿಂತ ಮೊದಲ ಕೊಟ್ರು ನೋಡು," ಎಂದ ಸೋಮೇಶ, ಎರಡನ್ನೂ ಕಣ್ಣಿಗೊತ್ತಿಕೊಂಡು.

ಇಪ್ಪತ್ತಾರನೇ ತಾರೀಖು ಮಧ್ಯಾಹ್ನ ಹುಚ್ಚೀರಪ್ಪ ರೇಷ್ಮೆ ರುಮಾಲು ಸುತ್ತಿ, ಸುಮಿತ್ರವ್ವನೊಡನೆ ಮದುವೆಗೆ ಹೋದ. ಶಾದಿಮಹಲಿನ ಒಂದು ಬದಿಗೆ ನಲವತ್ತು ಮಂದಿಯ ಸಾಲು ಖಾಲಿ ಇತ್ತು. ಎಲೆ ಹಾಕಿ, ನೀರಿನ ಬಾಟಲಿ ಇಟ್ಟು, ಬೇರೆಯವರು ಕೂಡದಂತೆ ನಬಿಸಾಬ ತಾನೇ ಕಾಯುತ್ತಿದ್ದ. ಒಂದೂವರೆಯಾಯಿತು. ಎರಡಾಯಿತು. ಯಳವತ್ತಿಯ ಆಚಾರಿ ಹೊರಗೆ ಬಂದು, ಹೋಳಿಗೆ ಆರುತ್ತಿವೆ ಎಂದು ಎರಡು ಸಲ ಹೇಳಿ ಹೋದ.

"ಹೇಳೀಯೋ ಇಲ್ಲೋ?" ಎಂದ ನಬಿಸಾಬ.

ಹುಚ್ಚೀರಪ್ಪ ಹೇಳಿದ್ದೇನೆಂದು ಗೋಣು ಹಾಕಿದ. ಆಮೇಲೆ ಬರೆದು ಕೊಟ್ಟದ್ದು ಹೇಳಿದಂತೆ ಆಗುತ್ತದೋ ಇಲ್ಲವೋ ಎಂಬ ಸಂಶಯ ಬಂದು, ಇಲ್ಲವೆಂದು ಅಲ್ಲಾಡಿಸಿದ.

"ಹೌದಂತೀಯೋ, ಇಲ್ಲಂತೀಯೋ? ಬಾಯಿ ಬಿಡು."

ಪಂದ್ಯ ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ನಾಲ್ಕಕ್ಕೆ ಪಂದ್ಯ. ಹುಚ್ಚೀರಪ್ಪ ತುಟಿ ತೆರೆದ, ಬೆಳಿಗ್ಗೆ ಆರೂವರೆಯ ಎರಡನೇ ದರ್ಜೆ ಕಣ್ಣ ಮುಂದೆ ಬಂದಿತು, ತುಟಿ ಮುಚ್ಚಿದ. ನಬಿಸಾಬ "ಆತು ಬಿಡು," ಎಂದು ಖಾಲಿ ಎಲೆಗಳನ್ನು ಒಂದರ ಮೇಲೊಂದು ಇಟ್ಟು ಎತ್ತತೊಡಗಿದ.

ಮದುಮಗ ಜಾವೀದ ಎಲ್ಲವನ್ನೂ ನೋಡುತ್ತಿದ್ದ. ಮುಖ ಮುಚ್ಚಿದ್ದ ಹೂವಿನ ಸೆಹರಾ ಪಕ್ಕಕ್ಕೆ ಸರಿಸಿ ಹೇಳಿದ, "ಕಾಕಾ, ಅವರಿಗೆ ಹೇಳ್ರಿ. ನನ್ನ ಲಗ್ನಕ್ಕ ಒಬ್ಬಾಂವ ಬರಲಿಲ್ಲ. ಅವರ ಮ್ಯಾಚಿಗೆ ನಾನೂ ಬರೂದಿಲ್ಲ."

ಹುಚ್ಚೀರಪ್ಪನಿಗೆ ಹೇಳಬೇಕಾದದ್ದು ಈಗ ಎರಡಾಯಿತು.

ಮೂರೂವರೆಗೆ ಅವನು ಮೈದಾನ ಮುಟ್ಟಿದಾಗ ಅಲ್ಲಿ ಬೇರೆಯೇ ಜಗಳ ನಡೆದಿತ್ತು. ರೆಫರಿ ಅಯ್ಯೂಬ ಮಾಸ್ತರು ಗದಗಿನ ಶಾಲೆಯೊಂದರ ಪಿ.ಟಿ. ಶಿಕ್ಷಕರು. ಪಂದ್ಯಕ್ಕೆ ಮುಂಚೆ ಬಲೆ, ಕಂಬ ಪರೀಕ್ಷಿಸುವುದು ಅವರ ಕ್ರಮ. ಕಂಬಗಳಲ್ಲಿ ನಾಲ್ಕು ಹಸಿರು ಗಂಟು ಕಂಡವು. ಬೆಟಗೇರಿಯ ಕ್ಯಾಪ್ಟನ್ ವೀರು ಇದು ಮಾಟ, ನಾವು ಆಡುವುದಿಲ್ಲ ಎಂದು ಮೈದಾನದ ನಡುವೆ ಕುಳಿತುಬಿಟ್ಟಿದ್ದ.

"ಮಾಟ ಅಲ್ರಿ ಸರ್, ಅನುಷ್ಠಾನ," ಎಂದ ಸೋಮೇಶ.

"ನಿಯಮದ ಪುಸ್ತಕದಾಗ ಎರಡೂ ಇಲ್ಲ," ಎಂದರು ಮಾಸ್ತರು. "ಕಂಬಕ್ಕ ಬಲಿ ಬಿಟ್ಟು ಏನೂ ಕಟ್ಟಂಗಿಲ್ಲ. ಬಿಚ್ಚತೇನಿ."

"ಬಿಚ್ಚಿದ್ರ ಕಸುವು ಹೋಗತೈತ್ರಿ," ಎಂದ ಮೊಹಸಿನ.

"ಬಿಚ್ಚಿ ಓದ್ರಿ. ಎಲ್ಲಾರಿಗೂ ಕೇಳೂ ಹಂಗ ಓದ್ರಿ," ಎಂದು ವೀರು ಕುಳಿತಲ್ಲಿಂದಲೇ ಹೇಳಿದ. "ನಮ್ಮ ಹೆಸರು ಏನಂತ ಬರದಾರ ಅಂತ ಗೊತ್ತಾಗಲಿ."

ಮಾಸ್ತರು ನ್ಯಾಯವಂತರು. ಎರಡೂ ಕಡೆಯವರಿಗೆ ಸಮಾಧಾನವಾಗಲೆಂದು ವೀಕ್ಷಕ ವಿವರಣೆಯ ಮೈಕು ತರಿಸಿದರು. ಕನ್ನಡಕ ಹಾಕಿದರು. ಮೊದಲ ಗಂಟು ಬಿಚ್ಚಿ, ಪ್ರಾರ್ಥನೆಯ ಹೊತ್ತಿನಲ್ಲಿ ಪ್ರತಿಜ್ಞೆ ಓದಿಸುವ ದನಿಯಲ್ಲಿ ಓದಿದರು:

"ನಮ್ಮ ನಬಿಸಾಬನ ಮಗ ಜಾವೀದನ ನಿಕಾಹ ಇದೇ ಇಪ್ಪತ್ತಾರು ರವಿವಾರ ಮಧ್ಯಾಹ್ನ ಇರುತ್ತದೆ. ಎಲ್ಲರೂ ಊಟಕ್ಕೆ ಬರಬೇಕು. ಯಾರೂ ಉಳಿಯಬಾರದು. ಇದು ಬಾಯಿಲೆ ಹೇಳಿದ್ದು ಎಂದು ತಿಳಿಯಬೇಕು."

ಮಾಸ್ತರು ಎರಡನೆಯದನ್ನು ಓದಿದರು. ಅದೂ ಅದೇ. ಮೂರನೆಯದರಲ್ಲಿ, "ಹೋಳಿಗೆ ಇರುತ್ತದೆ, ಕಾಯಿಪಲ್ಯದವರು ಸಂಕೋಚ ಮಾಡಬಾರದು" ಎಂಬ ಮಾತು ಹೆಚ್ಚಿಗೆ ಇತ್ತು. ನಾಲ್ಕನೆಯದು ಚಿಕ್ಕದು: "ಮೊದಲಿನ ಮೂರು ಓದಿದಿರೋ ಇಲ್ಲೋ?"

ಸೋಮೇಶ ಹುಲ್ಲಿನ ಮೇಲೆ ಕುಳಿತ. ಒಂಬತ್ತು ದಿನದಿಂದ ಮದುವೆಯ ಕರೆ ಕಂಬಕ್ಕೆ ನೇತಾಡುತ್ತಿತ್ತು. ಅದಕ್ಕೆ ದಿನವೂ ಸಂಜೆ ಊದುಬತ್ತಿ ಹಚ್ಚಿದವನು ಅವನೇ.

"ಈಗೇನು ಮಾಡೂದು?" ಎಂದ ಮಲ್ಲು.

"ಈಗ ಬಾಯಿಲೆ ಹೇಳಿದಂಗಾತಲ್ಲ," ಎಂದ ಮೊಹಸಿನ. "ಹೋಗಬೇಕು."

"ನಮಗೂ ಹೇಳಿದಂಗಾತು," ಎಂದ ವೀರು, ಎದ್ದು ಚಡ್ಡಿಯ ಧೂಳು ಕೊಡವುತ್ತ. "ಎಲ್ಲಾರೂ ಬರಬೇಕು, ಯಾರೂ ಉಳೀಬಾರದು ಅಂತ ಮೈಕಿನ್ಯಾಗ ಹೇಳ್ಯಾರ. ಕರದ ಮ್ಯಾಲ ಹೋಗಲಿಲ್ಲಂದ್ರ ಚಂದ ಕಾಣೂದಿಲ್ಲ."

ಮಾಸ್ತರು ನಿಯಮದ ಪುಸ್ತಕದ ಕೊನೆಯ ಪುಟದವರೆಗೂ ಮಗುಚಿದರು. ಇದಕ್ಕೆ ವಿರುದ್ಧವಾಗಿ ಏನೂ ಸಿಗಲಿಲ್ಲ. ಪಂದ್ಯವನ್ನು ಐದೂಕಾಲಿಗೆ ಮುಂದೂಡಿದ್ದಾಗಿ ಮೈಕಿನಲ್ಲಿ ಸಾರಿ, ಕರೆ ಓದಿದವರೇ ಹೋಗದಿದ್ದರೆ ಹೇಗೆ ಎಂದು ತಾವೂ ಹೊರಟರು. ಎರಡು ತಂಡ, ಲೈನಿನ ಬಾವುಟದವರು, ಸುಮಾರು ಇನ್ನೂರು ಪ್ರೇಕ್ಷಕರು. ಮುಂದೆ ಹುಚ್ಚೀರಪ್ಪ.

ನಬಿಸಾಬ ಶಾದಿಮಹಲಿನ ಬಾಗಿಲಲ್ಲಿ ನಿಂತು ರಸ್ತೆ ತುಂಬ ಬರುತ್ತಿದ್ದ ಮಂದಿಯನ್ನು ನೋಡಿದ. ಸೋಮೇಶ ಹುಚ್ಚೀರಪ್ಪನ ಕಿವಿಯಲ್ಲಿ ಪಿಸುಗುಟ್ಟಿದ, "ಕಾಕಾ, ಕೈಸನ್ನಿ ಮಾಡ್ರಿ ಸಾಕು. ಮ್ಯಾಚ್ ಇನ್ನೂ ಐತಿ. ನಾ ಮಾತಾಡ್ತೀನಿ."

ಹುಚ್ಚೀರಪ್ಪ ಸೋಮೇಶನನ್ನು ನೋಡಿದ. ನಬಿಸಾಬನನ್ನು ನೋಡಿದ. ನಬಿಸಾಬನ ಕಂಕುಳಲ್ಲಿ ಎತ್ತಿಟ್ಟ ಎಲೆಗಳ ಕಟ್ಟು ಹಾಗೆಯೇ ಇತ್ತು.

"ನಬೀ," ಎಂದ. ಹನ್ನೆರಡು ದಿನ ಕಟ್ಟಿಟ್ಟಿದ್ದ ದನಿ ಗಿರಣಿ ಪಟ್ಟಿ ಹರಿದಂತೆ ಹೊರಬಿದ್ದಿತು. ಹಿಂದಿದ್ದ ಇನ್ನೂರು ಮಂದಿ ಒಟ್ಟಿಗೆ ಉಸಿರೆಳೆದರು. "ತಪ್ಪು ನಂದು. ಇವರಿಗೆ ನಾ ಬಾಯಿಲೆ ಹೇಳಿದ್ದಿಲ್ಲ. ಈಗ ಹೇಳೇನಿ."

"ಯಾರ‍್ಯಾರಿಗೆ ಹೇಳೀದಿ?"

ಹುಚ್ಚೀರಪ್ಪ ಹಿಂದಿರುಗಿ ನೋಡಿದ. ಬಹುಶಃ ಆಗಲೇ ಅವನು ಸರಿಯಾಗಿ ನೋಡಿದ್ದು. "ಎಲ್ಲಾರಿಗೂ," ಎಂದ.

"ನಲವತ್ತು ಅಂದಿದ್ನಿ," ಎಂದ ನಬಿಸಾಬ. ಕಂಕುಳಿನ ಎಲೆಗಳನ್ನು ಇಳಿಸಿ ಒಂದೊಂದೇ ಹಾಸತೊಡಗಿದ. "ಬರ್ರಿ, ಕುಂಡ್ರಿ. ಆಡೂ ಹುಡುಗೂರು ಮೊದಲ ಕುಂಡ್ರಿ."

ಆಡುವ ಹುಡುಗರಿಗೆ ನಬಿಸಾಬ ನಿಂತು ಬಡಿಸಿದ. ಸಾಕು ಎಂದವರ ಎಲೆಗೆ ಎರಡು ಬಿದ್ದವು. ಹೋಳಿಗೆ, ಅದರ ಮೇಲೆ ತುಪ್ಪ, ಇತ್ತ ಬಿರಿಯಾನಿ, ಅದರ ಹಿಂದೆ ಜರ್ದಾ ಎಂಬ ಸಿಹಿ ಅನ್ನ. ಪ್ರೇಕ್ಷಕರ ಪಾಲಿಗೆ ತಲಾ ಒಂದೊಂದು ಚಮಚ ಜರ್ದಾ ಬಂದಿತು. ಜಾವೀದ ಎರಡೂ ತಂಡಗಳ ನಡುವೆ ಕುಳಿತು ಉಂಡ. ಆಮೇಲೆ ಒಳಗೆ ಹೋಗಿ ನೂರೀನಳನ್ನು ಏನೋ ಕೇಳಿ ಬಂದು, ಶೇರವಾನಿ ಕಳಚಿ ಗ್ಲೌಸ್ ಹಾಕಿಕೊಂಡ.

ಪಂದ್ಯದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಇಷ್ಟು ಶಾಂತವಾದ ಪಂದ್ಯವನ್ನು ಲೀಗು ಕಂಡಿರಲಿಲ್ಲ. ಮಲ್ಲು ಎಡಗಡೆ ಎರಡು ಸಲ ಓಡಿ, ಮೂರನೆಯ ಸಲ ಕುಳಿತ. ವೀರು ಚೆಂಡು ಹೊಡೆಯಲು ಕಾಲೆತ್ತಿ, ಹೊಟ್ಟೆ ಹಿಡಿದುಕೊಂಡು ಕಾಲಿಳಿಸಿದ. ಚೆಂಡು ಜಾವೀದನ ತನಕ ಒಂದೇ ಸಲ ಬಂದಿತು, ಅದೂ ತಾನಾಗಿ ಉರುಳಿ. ಮಾಸ್ತರು ಸೀಟಿ ಊದಿದ್ದಕ್ಕಿಂತ ತೇಗಿದ್ದು ಹೆಚ್ಚು. ಸೊನ್ನೆ-ಸೊನ್ನೆ. ಪುಲಿಗೆರೆ ಸ್ಪೋರ್ಟಿಂಗ್ ಕ್ಲಬ್ ಏಳನೆಯ ಸ್ಥಾನದೊಂದಿಗೆ ಮೊದಲ ದರ್ಜೆಯಲ್ಲಿ ಉಳಿಯಿತು.

ಸೋಮವಾರ ಸಂಜೆ ಚಾದಂಗಡಿ ತುಂಬಿತ್ತು.

"ಕಾಕಾ ಬಾಗಲದಾಗ ಮಾತಾಡದಿದ್ರ ಎರಡು ಗೋಲಿಲೆ ಗೆಲ್ಲತಿದ್ವಿ," ಎಂದ ಮೊಹಸಿನ.

"ಮಾತಾಡಿದ್ದಕ್ಕ ಜಾವೀದ ಬಂದ. ಇಲ್ಲಂದ್ರ ಐದು ತಿಂತಿದ್ವಿ," ಎಂದ ಸೋಮೇಶ.

"ಅದಲ್ಲ, ಯಲ್ಲೇಶನ ಗೋಲು ಆಗಿತ್ತು. ಸುಮ್ಮ ಸುಮ್ಮನ ಆಫ್‌ಸೈಡ್ ಅಂತ ಬಾವುಟ ಎತ್ತಿದ್ರು," ಎಂದ ಮಲ್ಲು.

ಎಲ್ಲರೂ ಹುಚ್ಚೀರಪ್ಪನ ಕಡೆ ತಿರುಗಿದರು. ಅವನು ಅಭ್ಯಾಸದಂತೆ ತಲೆ ಅಲ್ಲಾಡಿಸಲು ಹೋಗಿ ನಡುವೆ ನಿಲ್ಲಿಸಿದ. ಹನ್ನೆರಡು ದಿನ ಸುಮ್ಮನಿದ್ದವನಿಗೆ ಮಾತು ಶುರು ಮಾಡುವುದು ಎಲ್ಲಿಂದ ಎಂದು ತಿಳಿಯದೆ, ಎಲ್ಲಕ್ಕಿಂತ ಹಳೆಯದರಿಂದಲೇ ಶುರು ಮಾಡಿದ.

"ಅಲ್ಲೋ ಸೋಮೇಶ, ಈ ಆಫ್‌ಸೈಡ್ ಅಂದ್ರ ಏನು?"

ಸೋಮೇಶ ಮೊಹಸಿನನ ಮುಖ ನೋಡಿದ. ಮೊಹಸಿನ ಯಲ್ಲೇಶನ ಮುಖ ನೋಡಿದ. ಯಲ್ಲೇಶ ಚಹಾದ ಬಸಿಯೊಳಗೆ ನೋಡಿದ. ಆ ಮೌನ, ಅನುಷ್ಠಾನವಿಲ್ಲದೆಯೇ, ಎರಡನೆಯ ಚಹಾ ಬರುವವರೆಗೂ ನಡೆಯಿತು.